ಒಣಮೆಣಸಿನಕಾಯಿಗೆ ಬದಲು ಯಾವುದು?

(ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರ ತಾಲೂಕುಗಳ ರೈತರು ಹಾಗೂ ರೈತ ಮಹಿಳೆಯರಿಗಾಗಿ ಏರ್ಪಡಿಸಿದ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಬೇಸಾಯಶಾಸ್ತ್ರ ಕಲಿಸುವವನು ಅಡಿಗೆಮನೆಯ ಮಾತನ್ನಾಡಲು ಬಂದಿರುವುದು ತಮ್ಮಲ್ಲಿ ಕೆಲವರಿಗೆ ನಗೆ ತರಿಸಬಹುದು. ಗೊಬ್ಬರ, ಬಿತ್ತನೆ, ಸಾಲಿನ ಅಂತರ, ಕಳೆ ಇವು ನನ್ನ ಎಂದಿನ ವಿಷಯಗಳು. ಆದರೆ ಇಂದಿನ ವಿಷಯವನ್ನು ನಾನಾಗಿ ಆರಿಸಿಕೊಂಡಿಲ್ಲ. ತಮ್ಮಂತಹ ಒಬ್ಬ ತಾಯಿ ನನಗೆ ಒಪ್ಪಿಸಿದ ವಿಷಯ ಇದು.

ಹಿರೇಕೆರೂರ ಕಡೆಯ ಒಂದು ಹಳ್ಳಿಯಲ್ಲಿ ಗೋವಿನಜೋಳದ ಬೇಸಾಯದ ಬಗ್ಗೆ ಮಾತನಾಡಿ ಕುಳಿತಿದ್ದೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದೆ ಕುಳಿತಿದ್ದ ಒಬ್ಬ ಅಜ್ಜಿ ಎದ್ದು ನಿಂತರು. "ತಮ್ಮಾ, ನಿಮ್ಮಂಥವರ ಮಾತು ಕೇಳಿ ಮೆಣಸಿನಕಾಯಿ ಹೊಲಕ್ಕೆಲ್ಲಾ ಗೋವಿನಜೋಳ ಹಾಕಿದಿವಿ. ರೊಕ್ಕ ಬಂತು, ಸುಳ್ಳ ಹೇಳೂದಿಲ್ಲ. ಆದರ ನಮ್ಮ ಸಾರಿನ ಬಣ್ಣ ಹೋತು. ಪ್ಯಾಟಿ ಕಾಯಿ ಬಣ್ಣ ಬರೂ ಹಂಗ ಹಾಕಿದರ ಬಾಯಿ ಸುಡತೈತಿ, ಬಾಯಿಗೆ ಹಿತಾ ಆಗೂ ಹಂಗ ಹಾಕಿದರ ಸಾರು ಬೆಳ್ಳಗ ಕಾಣತೈತಿ. ನಮ್ಮ ಡಬ್ಬಿ ಕಾಯಿಗೆ ಬದಲೀ ಏನ ಹಾಕಬೇಕು, ಅದನ್ನ ಹೇಳು" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಅದನ್ನು ಹೇಳಲು ಪ್ರಯತ್ನಿಸುತ್ತೇನೆ.

ಮೆಣಸಿನಕಾಯಿಯೇ ಒಂದು ಬದಲಿ

ಮೊದಲು ಒಂದು ಮಾತನ್ನು ನೆನಪಿಡೋಣ. ಮೆಣಸಿನಕಾಯಿ ನಮ್ಮ ನೆಲದ ಮೂಲ ಬೆಳೆಯಲ್ಲ. ಅದರ ತವರು ಅಮೇರಿಕಾ ಖಂಡ. ಪೋರ್ತುಗೀಜರು 1498ರಲ್ಲಿ ಕಲ್ಲೀಕೋಟೆಗೆ ಬಂದರು, 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗುಗಳ ಜೊತೆಗೆ ಈ ಕಾಯಿ ಪಶ್ಚಿಮ ಕರಾವಳಿಗೆ ಬಂದು ಅಲ್ಲಿಂದ ಒಳನಾಡಿಗೆ ಹರಡಿತು. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡಿಗೆಯ ಭಾಗವೇ ಇದೆ. ಆ ಕಾಲದ ಅಡಿಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ ಇವೇ.

ಇದಕ್ಕೆ ಸಾಕ್ಷಿ ನಮ್ಮ ಭಾಷೆಯಲ್ಲಿಯೇ ಇದೆ. ಮೆಣಸು ಎಂಬುದು ಮೊದಲಿಗೆ ಬಳ್ಳಿಯ ಕಾಳಿನ ಹೆಸರು. ಹೊಸ ಕಾಯಿ ಬಂದಾಗ ನಮ್ಮ ಹಿರಿಯರು ಅದನ್ನು 'ಮೆಣಸಿನ ಕಾಯಿ' ಎಂದು ಕರೆದರು, ಅಂದರೆ ಮೆಣಸಿನ ಕೆಲಸ ಮಾಡುವ ಕಾಯಿ. ತಮಿಳರ 'ಮಿಳಗು' ಮತ್ತು 'ಮಿಳಗಾಯ್' ಎಂಬ ಮಾತುಗಳೂ ಹೀಗೆಯೇ ಆದವು. ಸವಣೂರಿನವರು ತಮ್ಮೂರ ದೊಡ್ಡಹುಣಸೆ ಮರಗಳನ್ನು ಕಂಡಿದ್ದೀರಿ. ಅವು ಆಫ್ರಿಕಾದ ಮರಗಳು, ಹುಣಸೆಯ ಜಾತಿಗೆ ಸೇರಿದವಲ್ಲ. ಆದರೂ ನಮ್ಮವರು ತಮಗೆ ಗೊತ್ತಿದ್ದ ಹೆಸರನ್ನೇ ಕೊಟ್ಟು ಅವನ್ನು ತಮ್ಮವನ್ನಾಗಿ ಮಾಡಿಕೊಂಡರು. ಗೋವಿನಜೋಳ, ಶೇಂಗಾ, ಟೊಮ್ಯಾಟೊ ಇವೂ ಅಮೇರಿಕಾದಿಂದ ಬಂದವೇ.

ಆದ್ದರಿಂದ ಬದಲಿಸುವುದು ತಪ್ಪಲ್ಲ. ಏನನ್ನು ಬದಲಿಸುತ್ತಿದ್ದೇವೆ ಎಂದು ತಿಳಿಯದೆ ಬದಲಿಸುವುದು ತಪ್ಪು.

ಒಣಕಾಯಿ ಮಾಡುವ ನಾಲ್ಕು ಕೆಲಸಗಳು

ಒಂದು ಒಣಮೆಣಸಿನಕಾಯಿ ನಮ್ಮ ಅಡಿಗೆಯಲ್ಲಿ ನಾಲ್ಕು ಕೆಲಸಗಳನ್ನು ಮಾಡುತ್ತದೆ: ಖಾರ, ಬಣ್ಣ, ಪರಿಮಳ ಮತ್ತು ಮಂದ. ಇವು ನಾಲ್ಕೂ ಬೇರೆ ಬೇರೆ ಗುಣಗಳು. ಒಂದು ಹೆಚ್ಚಿದ್ದರೆ ಮತ್ತೊಂದೂ ಹೆಚ್ಚಿರಬೇಕೆಂಬ ನಿಯಮವಿಲ್ಲ. ಕೆಂಪು ಹೆಚ್ಚಿದ್ದರೆ ಖಾರವೂ ಹೆಚ್ಚು ಎಂಬ ತಿಳಿವಳಿಕೆ ಸರಿಯಲ್ಲ. ಬ್ಯಾಡಗಿ ಕಾಯಿಯೇ ಅದಕ್ಕೆ ಉದಾಹರಣೆ.

ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಇದು ಬೀಜದಲ್ಲಿರುತ್ತದೆಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಅದು ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ತಿರುಳಿಗೆ ತಾಗಿರುವುದರಿಂದ ಬೀಜವೂ ಖಾರವೆನಿಸುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಮತ್ತು ಕೊಬ್ಬಿನಲ್ಲಿ ಕರಗುತ್ತದೆ. ಬಾಯಿ ಸುಟ್ಟಾಗ ನೀರು ಕುಡಿದರೆ ಪ್ರಯೋಜನವಾಗದೆ, ಹಾಲು ಅಥವಾ ಮೊಸರು ಕುಡಿದಾಗ ಹಿತವೆನಿಸುವುದು ಇದರಿಂದಲೇ. ನಾಲಿಗೆಗೆ ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರತುದಿಯೇ ಈ ವಸ್ತುವಿಗೂ ಎಚ್ಚರಗೊಳ್ಳುತ್ತದೆ ಎಂಬುದನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ತೋರಿಸಿದರು. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಹುಮಾನ ಬಂದಿತು. 'ಬಾಯಿ ಸುಡುತ್ತದೆ' ಎಂಬ ಆ ಅಜ್ಜಿಯ ಮಾತು ಶಾಸ್ತ್ರಕ್ಕೂ ಸರಿಯಾದದ್ದು.

ಬಣ್ಣಕ್ಕೆ ಕಾರಣ ಸಿಪ್ಪೆಯಲ್ಲಿರುವ ಕ್ಯಾಪ್ಸಾಂತಿನ್ ಮೊದಲಾದ ಕೆಂಪು ವಸ್ತುಗಳು. ಇವೂ ಎಣ್ಣೆಯಲ್ಲಿ ಕರಗುವಂಥವು. ಒಗ್ಗರಣೆಯ ಎಣ್ಣೆ ಕೆಂಪಾಗಿ ಸಾರಿನ ಮೇಲೆ ತೇಲುವುದು ಇದರಿಂದಲೇ. ಪರಿಮಳವು ಕಾಯಿಯನ್ನು ಹದವಾಗಿ ಹುರಿದಾಗ ಹೊರಬರುತ್ತದೆ. ನಾಲ್ಕನೆಯದಾದ ಮಂದವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಬ್ಬಿ ಕಾಯಿಯಲ್ಲಿ ಖಾರ ಕಡಿಮೆ, ಆದ್ದರಿಂದ ನಾವು ಅದನ್ನು ಹೆಚ್ಚು ಹಾಕುತ್ತೇವೆ. ಅರೆದ ಸಿಪ್ಪೆ ಮತ್ತು ಬೀಜ ಸೇರಿ ಎಣ್ಣೆಗಾಯಿಯ ಮಸಾಲೆಗೆ, ಕೆಂಪು ಚಟ್ನಿಗೆ ಮೈ ಬರುತ್ತದೆ. ಖಾರದ ಕಾಯಿಯನ್ನು ಸ್ವಲ್ಪವೇ ಹಾಕಿದಾಗ ಈ ಮೈ ಬರುವುದಿಲ್ಲ. ಗೃಹಿಣಿಯು 'ಏನೋ ಕಮ್ಮಿಯಾಗಿದೆ' ಎಂದು ಮತ್ತಷ್ಟು ಕಾಯಿ ಹಾಕುತ್ತಾಳೆ, ಊಟದವರು ಕಣ್ಣೀರು ಹಾಕುತ್ತಾರೆ.

ಪೇಟೆಯಲ್ಲಿ ಸಿಗುವ ಕಾಯಿಗಳು

ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿದೆ. ಅದರಲ್ಲಿ ಎರಡು ಬಗೆ ತಮಗೆಲ್ಲ ಗೊತ್ತಿದ್ದದ್ದೇ. ಡಬ್ಬಿ ಎಂಬುದು ಗಿಡ್ಡ, ದುಂಡು, ಬೀಜ ಹೆಚ್ಚು. ಕಡ್ಡಿ ಎಂಬುದು ಉದ್ದ, ತೆಳು, ಮೈತುಂಬ ಸುಕ್ಕು, ಬೀಜ ಕಡಿಮೆ. ಬಣ್ಣವನ್ನು ಅಳೆಯಲು ವ್ಯಾಪಾರದಲ್ಲಿ ಬಳಸುವ ಅಂಕದ ಪ್ರಕಾರ ಒಳ್ಳೆಯ ಬ್ಯಾಡಗಿ ಕಾಯಿ 150ರ ಆಸುಪಾಸಿನಲ್ಲಿದ್ದರೆ ಗುಂಟೂರು ಸಣ್ಣಂ ಕಾಯಿ 30-40ರ ಸುತ್ತ ಇರುತ್ತದೆ. ಖಾರದಲ್ಲಿ ಲೆಕ್ಕ ತಿರುಗುಮುರುಗು. ಬ್ಯಾಡಗಿಯ ಖಾರ ಅತ್ಯಲ್ಪ, ಗುಂಟೂರಿನದು ಬಹಳ. ಆಂಧ್ರದ ತೇಜಾ ಕಾಯಿ ಗುಂಟೂರು ಸಣ್ಣಂಗಿಂತಲೂ ಖಾರ. ಬೆಳಗಾವಿ ಕಡೆಯ ಸಂಕೇಶ್ವರ ಕಾಯಿ ಕೆಂಪೂ ಹೌದು, ಖಾರವೂ ಹೌದು. ಕಾಶ್ಮೀರಿ ಎಂದು ಮಾರುವ ಕಾಯಿ ಕೆಂಪು ಹೆಚ್ಚು, ಖಾರ ಕಡಿಮೆ. ಗುಣದಲ್ಲಿ ಬ್ಯಾಡಗಿಗೆ ಅತಿ ಹತ್ತಿರ.

ಇನ್ನು, ಬ್ಯಾಡಗಿ ಪೇಟೆಯಲ್ಲಿ ಕೊಂಡದ್ದೆಲ್ಲ ಬ್ಯಾಡಗಿ ಕಾಯಿ ಅಲ್ಲವೆಂಬುದು ಮುಖ್ಯ. ಆ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಕೊಪ್ಪಳಗಳಿಂದಲೂ ಆಂಧ್ರದಿಂದಲೂ ಮಾಲು ಬರುತ್ತದೆ. ಅದರಲ್ಲಿ ಬಹುಭಾಗ ನೀರಾವರಿಯಲ್ಲಿ ಬೆಳೆದ ಸಂಕರಣ ತಳಿಗಳದ್ದು. ಅವು ಕೆಟ್ಟ ಕಾಯಿಗಳೆಂದು ನಾನು ಹೇಳುವುದಿಲ್ಲ. ಕೆಲವಕ್ಕೆ ಒಳ್ಳೆಯ ಬಣ್ಣವೂ ಉಂಟು. ಆದರೆ ಪ್ರತಿಯೊಂದರ ಖಾರ ಬೇರೆ. ಆದುದರಿಂದ ಹೆಸರು ಕೇಳಿ ಕೊಳ್ಳದೆ ಕಾಯಿಯನ್ನು ಪರೀಕ್ಷಿಸಿ ಕೊಳ್ಳತಕ್ಕದ್ದು. ಒಂದು ಕಾಯಿಯನ್ನು ಮುರಿದು ಸಿಪ್ಪೆಯ ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿರಿ. ಇನ್ನೊಂದು ಕಾಯಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಎಣ್ಣೆ ಎಷ್ಟು ಕೆಂಪಾಗುತ್ತದೆ ನೋಡಿರಿ. ಖಾರ ಮತ್ತು ಬಣ್ಣ ಎರಡೂ ಐದು ನಿಮಿಷದಲ್ಲಿ ತಿಳಿಯುತ್ತವೆ.

ಬದಲಿಸುವ ಕ್ರಮ

ಈಗ ಆ ಅಜ್ಜಿಯ ಪ್ರಶ್ನೆಗೆ ಬರೋಣ. 100 ಗ್ರಾಂ ಡಬ್ಬಿ ಕಾಯಿ ಬೇಕಾದ ಕಡೆ ಬೇರೆ ಕಾಯಿ ಎಷ್ಟು ಹಾಕಬೇಕು? ಕೆಳಗಿನ ಅಳತೆಗಳು ನಮ್ಮ ಮನೆಯಲ್ಲಿ ಮಾಡಿ ನೋಡಿದವು. ತಮ್ಮ ಬಾಯಿಗೆ ತಕ್ಕಂತೆ ತಿದ್ದಿಕೊಳ್ಳಬೇಕು. ಒಂದು ಎಚ್ಚರಿಕೆ: ಕಾಯಿಗಳನ್ನು ಎಣಿಸಿ ಹಾಕಬೇಡಿರಿ, ತೂಗಿ ಹಾಕಿರಿ. ಒಂದು ಡಬ್ಬಿ ಕಾಯಿಯೂ ಒಂದು ಗುಂಟೂರು ಕಾಯಿಯೂ ಒಂದೇ ತೂಕದವಲ್ಲ.

1. ಕಡ್ಡಿ ಕಾಯಿ ಇದ್ದರೆ 100 ಗ್ರಾಂ. ಖಾರ ಸಾಲದೆ ಬಂದರೆ 5ರಿಂದ 10 ಗ್ರಾಂ ಗುಂಟೂರು ಕಾಯಿ ಸೇರಿಸಬಹುದು.

2. ಕಾಶ್ಮೀರಿ ಕಾಯಿ ಇದ್ದರೆ 100 ಗ್ರಾಂ. ಬಣ್ಣಕ್ಕೆ ಕೊರತೆಯಾಗದು.

3. ಪೇಟೆಯ ಸಂಕರಣ ಕಾಯಿ ಇದ್ದರೆ ಮೊದಲ ಸಲ 70 ಗ್ರಾಂನಿಂದ ಪ್ರಾರಂಭಿಸಿ ರುಚಿ ನೋಡಿ ಏರಿಸಿರಿ.

4. ಸಂಕೇಶ್ವರ ಕಾಯಿ ಇದ್ದರೆ 40ರಿಂದ 50 ಗ್ರಾಂ.

5. ಗುಂಟೂರು ಕಾಯಿ ಮಾತ್ರ ಇದ್ದರೆ 30 ಗ್ರಾಂ ಸಾಕು. ಕಾಯಿಯನ್ನು ಸೀಳಿ ಬೀಜ ಮತ್ತು ಬಿಳಿ ತಿರುಳನ್ನು ತೆಗೆದುಹಾಕಿದರೆ ಖಾರ ಇನ್ನೂ ಇಳಿಯುತ್ತದೆ. ಕೈಗೆ ಎಣ್ಣೆ ಸವರಿಕೊಂಡು ಈ ಕೆಲಸ ಮಾಡಿರಿ, ಆ ಕೈಯನ್ನು ಕಣ್ಣಿಗೆ ತಾಗಿಸಬೇಡಿರಿ.

6. ತೇಜಾ ಕಾಯಿ ಇದ್ದರೆ 15 ಗ್ರಾಂಗಿಂತ ಹೆಚ್ಚು ಬೇಡ. ಚಟ್ನಿಗೆ ಅದನ್ನು ಉಪಯೋಗಿಸದಿರುವುದೇ ಲೇಸು.

ಗುಂಟೂರು ಅಥವಾ ತೇಜಾ ಹಾಕಿದಾಗ ಖಾರವೊಂದೇ ಬರುತ್ತದೆ, ಉಳಿದ ಮೂರು ಕೆಲಸಗಳು ಬಾಕಿ ಇರುತ್ತವೆ. ಮಂದಕ್ಕಾಗಿ ಹುರಿದ ಕೊತ್ತಂಬರಿ ಬೀಜ, ಪುಠಾಣಿ, ಒಣಕೊಬ್ಬರಿ, ಎಳ್ಳು ಇವುಗಳಲ್ಲಿ ಆ ಅಡಿಗೆಗೆ ಒಗ್ಗುವುದನ್ನು 50-60 ಗ್ರಾಂ ಸೇರಿಸಬೇಕು. ನಮ್ಮ ಭಾಗದಲ್ಲಿ ಶೇಂಗಾ, ಗುರೆಳ್ಳು, ಅಗಸಿ ಇರುವುದರಿಂದ ಇದು ಕಷ್ಟವಲ್ಲ. ಬಣ್ಣಕ್ಕಾಗಿ ಹಣ್ಣಾದ ಟೊಮ್ಯಾಟೊವನ್ನು ಎಣ್ಣೆಯಲ್ಲಿ ನೀರಿಂಗುವವರೆಗೆ ಬಾಡಿಸಿ ಅರೆದು ಹಾಕಬಹುದು. ಅದರ ಕೆಂಪು ಕೂಡ ಎಣ್ಣೆಯಲ್ಲಿ ಕರಗುವಂಥದ್ದು. ಆದರೆ ಟೊಮ್ಯಾಟೊ ಹುಳಿ, ಆದ್ದರಿಂದ ಹುಣಸೆಯನ್ನು ಅಷ್ಟು ಕಡಿಮೆ ಮಾಡಬೇಕು. ಗಜ್ಜರಿಯಿಂದ ಹಳದಿಗೆಂಪು ಬರುತ್ತದೆ, ಸಿಹಿಯೂ ಬರುತ್ತದೆ. ಬೀಟರೂಟಿನ ಬಣ್ಣ ನೀರಿನಲ್ಲಿ ಕರಗುವ ಬಣ್ಣ, ಕುದಿಸಿದರೆ ಮಾಸಿಹೋಗುತ್ತದೆ. ಸಾರಿಗೆ ಅದು ಬದಲಿಯಾಗಲಾರದು.

ಯಾವ ಕಾಯಿಯೇ ಇರಲಿ, ಇರುವ ಬಣ್ಣವನ್ನು ಪೂರ್ತಿಯಾಗಿ ಹೊರತೆಗೆಯುವುದು ಗೃಹಿಣಿಯ ಕೈಯಲ್ಲಿದೆ. ತೊಟ್ಟು ತೆಗೆದು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ ನುಣ್ಣಗೆ ಅರೆದು, ಆ ಮುದ್ದೆಯನ್ನು ಸಣ್ಣ ಉರಿಯಲ್ಲಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಒಣಕಾಯಿಯನ್ನೇ ಹುರಿಯುವುದಾದರೆ ಉಬ್ಬಿ ಹೊಳಪು ಬಂದ ಕೂಡಲೇ ಇಳಿಸಿರಿ. ಕಪ್ಪಾದರೆ ಬಣ್ಣವೂ ಹೋಯಿತು, ಪರಿಮಳವೂ ಹೋಯಿತು, ಉಳಿಯುವುದು ಕಹಿ ಮತ್ತು ಕೆಮ್ಮು.

ಅಮೇರಿಕಾ, ಇಂಗ್ಲೆಂಡುಗಳಲ್ಲಿ ಮಕ್ಕಳಿರುವ ತಂದೆತಾಯಿಗಳೂ ಇಲ್ಲಿದ್ದೀರಿ. ಅವರಿಗೆ ಹೇಳಿರಿ: ಹಂಗೇರಿಯ ಸಿಹಿ ಪಾಪ್ರಿಕಾ ಪುಡಿ ಬಣ್ಣಕ್ಕೂ ಮಂದಕ್ಕೂ ಚೆನ್ನಾಗಿ ಒದಗುತ್ತದೆ, ಖಾರಕ್ಕೆ ಬೇರೆ ಕಾಯಿಯ ಪುಡಿ ಸ್ವಲ್ಪ ಬೆರೆಸಬೇಕು. ಸ್ಪೇನಿನಲ್ಲಿ ಹೊಗೆಯಾಡಿಸಿ ಮಾಡುವ ಪಾಪ್ರಿಕಾ ನಮ್ಮ ಸಾರಿಗೆ ಒಗ್ಗುವುದಿಲ್ಲ. ಪಾಪ್ರಿಕಾ ಕೂಡ ಮೆಣಸಿನಕಾಯಿಯ ಜಾತಿಯೇ. 1930ರ ದಶಕದಲ್ಲಿ ಸೆಂಟ್ ಜ್ಯೋರ್ಜಿ ಎಂಬ ಹಂಗೇರಿಯ ವಿಜ್ಞಾನಿ ಸಿ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದ್ದು ಇದೇ ಕಾಯಿಯಿಂದ.

ಕಾಯಿಯೇ ಇಲ್ಲದಾಗ, ಅಥವಾ ಒಗ್ಗದವರಿಗೆ

ಬಾಣಂತಿಯರಿಗೆ, ನೆಗಡಿಯಾದವರಿಗೆ, ಖಾರ ಒಗ್ಗದ ವಯಸ್ಸಾದವರಿಗೆ ನಮ್ಮ ಮನೆಗಳಲ್ಲಿ ಇಂದಿಗೂ ಹಳೆಯ ಅಡಿಗೆಯನ್ನೇ ಮಾಡುತ್ತೇವೆ. ನಾಲ್ಕು ಜನರ ಸಾರಿಗೆ ಅರ್ಧ ಚಮಚ ಕಾಳುಮೆಣಸು ಸಾಕು. ಅದರ ಖಾರ ಬೇಗ ಏರಿ ಬೇಗ ಇಳಿಯುತ್ತದೆ, ಮೆಣಸಿನಕಾಯಿಯ ಖಾರದಂತೆ ನಾಲಿಗೆ ಹಿಡಿದು ನಿಲ್ಲುವುದಿಲ್ಲ. ಕಾಳುಮೆಣಸಿನ ಪರಿಮಳ ಕುದಿಯುವಾಗ ಹಾರಿಹೋಗುವುದರಿಂದ ಕೊನೆಯಲ್ಲಿ ಕುಟ್ಟಿ ಹಾಕಬೇಕು. ಶುಂಠಿಯು ಒಣಗಿದಷ್ಟೂ ಹೆಚ್ಚು ಖಾರವಾಗುತ್ತದೆ, ಆದ್ದರಿಂದ ಒಣಶುಂಠಿಯನ್ನು ಹಸಿಶುಂಠಿಯ ಅಳತೆಯಲ್ಲಿ ಹಾಕಬಾರದು. ಸಾಸಿವೆಯನ್ನು ಹಸಿಯಾಗಿ ಅರೆದರೆ ಮೂಗಿಗೇರುವ ಖಾರ, ಕುದಿಸಿದರೆ ಅದು ಉಳಿಯುವುದಿಲ್ಲ. ಇವು ಖಾರಕ್ಕೆ ಬದಲಿಗಳು, ಬಣ್ಣಕ್ಕೆ ಅಲ್ಲ.

ಹೊಟ್ಟೆಹುಣ್ಣಿಗೆ ಮೆಣಸಿನಕಾಯಿಯೇ ಕಾರಣ ಎಂಬ ಮಾತು ಪೂರ್ತಿ ನಿಜವಲ್ಲ. ಅನೇಕರಲ್ಲಿ ಅದಕ್ಕೆ ಕಾರಣ ಒಂದು ಸೂಕ್ಷ್ಮಜೀವಿ ಎಂಬುದನ್ನು ಆಸ್ಟ್ರೇಲಿಯಾದ ಇಬ್ಬರು ವೈದ್ಯರು 1980ರ ದಶಕದಲ್ಲಿ ತೋರಿಸಿದ್ದಾರೆ. ಆದರೆ ಹುಣ್ಣು ಇದ್ದವರಿಗೆ ಖಾರ ತೊಂದರೆ ಕೊಡಬಹುದು. ಅಂಥವರು ಬರೀ ಕಾಯಿ ಬದಲಿಸುತ್ತ ಕೂಡದೆ ವೈದ್ಯರ ಬಳಿಗೆ ಹೋಗಬೇಕು.

ಮನೆಯಲ್ಲಿ ಗಿಡವಿದ್ದರೆ ಹಸಿ ಕೆಂಪುಕಾಯಿಯೂ ಒಳ್ಳೆಯ ಬದಲಿ. 100 ಕಿಲೋ ಹಣ್ಣುಗಾಯಿ ಒಣಗಿದರೆ 25ರಿಂದ 30 ಕಿಲೋ ಆಗುತ್ತದೆ. ಅಂದರೆ ಒಣಕಾಯಿಯ ಸುಮಾರು ನಾಲ್ಕು ಪಟ್ಟು ತೂಕದ ಹಣ್ಣುಗಾಯಿ ಹಾಕಬೇಕು. ಉಪ್ಪು, ಲಿಂಬೆಹುಳಿ ಹಾಕಿ ಕುಟ್ಟಿಟ್ಟ ರಂಜಕ ಇದೇ ಲೆಕ್ಕದ ಪದಾರ್ಥ.

ಸಿದ್ಧ ಪುಡಿಯ ಬಗ್ಗೆ ಎಚ್ಚರಿಕೆ

ಬಣ್ಣ ಬೇಕೆಂಬ ಆಸೆಯೇ ಮೋಸಕ್ಕೆ ದಾರಿ. 2003ರಲ್ಲಿ ಫ್ರಾನ್ಸಿನಲ್ಲಿ ಭಾರತದಿಂದ ಹೋದ ಮೆಣಸಿನಕಾಯಿ ಪದಾರ್ಥಗಳಲ್ಲಿ ಸುಡಾನ್ ಎಂಬ ಕಾರ್ಖಾನೆ ಬಣ್ಣ ಸಿಕ್ಕಿತು. 2005ರಲ್ಲಿ ಬ್ರಿಟನ್ನಿನಲ್ಲಿ ಅದೇ ಬಣ್ಣದ ಕಾರಣಕ್ಕೆ ನೂರಾರು ಬಗೆಯ ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದು ತಿನ್ನುವ ಬಣ್ಣವಲ್ಲ, ಅರ್ಬುದ ರೋಗದ ಭಯವಿರುವ ಬಣ್ಣ.

ಒಂದು ಗಾಜಿನ ಲೋಟದ ನೀರಿನ ಮೇಲೆ ಅರ್ಧ ಚಮಚ ಪುಡಿ ಉದುರಿಸಿ ನೋಡುವ ಪರೀಕ್ಷೆ ತಮಗೆ ಗೊತ್ತಿರಬಹುದು. ಕಾಯಿಯ ಸಹಜ ಬಣ್ಣ ನೀರಿನಲ್ಲಿ ಕರಗದು. ಕೆಂಪು ಗೆರೆಗಳು ಕೆಳಗಿಳಿದರೆ ಬೇರೆ ಬಣ್ಣ ಬೆರೆತಿದೆಯೆಂದು ತಿಳಿಯಬೇಕು. ತಳದಲ್ಲಿ ಕೂತದ್ದು ಬೆರಳಿಗೆ ಮರಳಿನಂತೆ ತಾಗಿದರೆ ಇಟ್ಟಂಗಿ ಪುಡಿ ಇರಬಹುದು. ಆದರೆ ಇಲ್ಲಿ ಒಂದು ಮಿತಿಯಿದೆ. ಸುಡಾನ್ ಬಣ್ಣವೂ ಎಣ್ಣೆಯಲ್ಲಿಯೇ ಕರಗುವುದರಿಂದ ನೀರಿನ ಪರೀಕ್ಷೆಗೆ ಅದು ಸಿಗುವುದಿಲ್ಲ, ಪ್ರಯೋಗಶಾಲೆಯೇ ಬೇಕು. ಆದ್ದರಿಂದ ಇಡೀ ಕಾಯಿಯನ್ನು ಕೊಂಡು ಕಣ್ಣೆದುರು ಪುಡಿ ಮಾಡಿಸುವುದೇ ಉತ್ತಮ ಉಪಾಯ.

ಕೊಂಡ ಕಾಯಿ ಚೆನ್ನಾಗಿ ಒಣಗಿರಬೇಕು. ತೂಕಕ್ಕಾಗಿ ನೀರು ಚಿಮುಕಿಸಿದ ಕಾಯಿಗೆ ಬೂಜು ಹಿಡಿಯುತ್ತದೆ, ಬೂಜಿನಿಂದ ವಿಷ ಹುಟ್ಟುತ್ತದೆ. ಅಲುಗಾಡಿಸಿದಾಗ ಬೀಜ ಗಲಗಲ ಅನ್ನಬೇಕು. ಬೆಳಕು, ಬಿಸಿ, ಗಾಳಿ ಮೂರೂ ಬಣ್ಣಕ್ಕೆ ವೈರಿಗಳು. ಪುಡಿಯ ಬಣ್ಣ ಇಡೀ ಕಾಯಿಗಿಂತ ಬೇಗ ಮಾಸುತ್ತದೆ, ಆದ್ದರಿಂದ ಎರಡು ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿಸಿರಿ. ಶಿಗ್ಗಾಂವ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ 'ರಾಮಧಾನ್ಯಚರಿತೆ'ಯಲ್ಲಿ ಬತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸುವ ಕಥೆ ಹೇಳಿದ್ದಾರೆ. ಮೆಣಸಿನಕಾಯಿಗೂ ಅದೇ ಪರೀಕ್ಷೆ ಸರಿ. ಅದರ ಗುಣ ತಿಳಿಯುವುದು ಕೊಂಡ ದಿನ ಅಲ್ಲ, ಆರು ತಿಂಗಳ ಮೇಲೆ.

ಎರಡು ಗುಂಟೆಯ ಲೆಕ್ಕ

ಇಷ್ಟು ಹೇಳಿ ನಾನು ಕೂತರೆ ಆ ಅಜ್ಜಿಗೆ ಅರ್ಧ ಉತ್ತರ ಕೊಟ್ಟಂತೆ. ಇನ್ನರ್ಧ ಉತ್ತರ ಹೊಲದಲ್ಲಿದೆ.

ನಮ್ಮ ಭಾಗದ ರೈತರು ಡಬ್ಬಿ ಬಿಟ್ಟದ್ದಕ್ಕೆ ಕಾರಣಗಳಿವೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಹೊಂದಿಸಿ ಮಳೆಯಾಶ್ರಯದಲ್ಲಿ ಬೆಳೆಯುತ್ತಿದ್ದ ಪದ್ಧತಿಗೆ ಆಳು ಸಿಗದಾಯಿತು. ಥ್ರಿಪ್ಸ್ ಮತ್ತು ಮೈಟ್ ನುಸಿಗಳಿಂದ ಮುಟುರು ರೋಗ ಹೆಚ್ಚಿತು. 2021ರಲ್ಲಿ ಹೊಸ ಜಾತಿಯ ಥ್ರಿಪ್ಸ್ ಬಂದು ಹೂವನ್ನೇ ತಿಂದುಹಾಕಿತು. ಬೆಲೆಯ ಏರಿಳಿತ ಬೇರೆ. 2024ರ ಮಾರ್ಚ್ 11ರಂದು ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದುದನ್ನು ತಾವು ಮರೆತಿಲ್ಲ. ಆದ್ದರಿಂದ ಗೋವಿನಜೋಳ ಬಿಟ್ಟು ಎಲ್ಲರೂ ಮತ್ತೆ ಮೆಣಸಿನಕಾಯಿ ಹಾಕಿರಿ ಎಂದು ನಾನು ಹೇಳುವುದಿಲ್ಲ. ಮಾರಾಟದ ಮಾತು ಬೇರೆ, ಮನೆಯ ಸಾರಿನ ಮಾತು ಬೇರೆ.

ಲೆಕ್ಕ ನೋಡಿರಿ. ಆರು ಜನರ ಮನೆಗೆ ದಿನಕ್ಕೆ 30 ಗ್ರಾಂ ಒಣಕಾಯಿ ಎಂದರೆ ವರ್ಷಕ್ಕೆ ಸುಮಾರು 11 ಕಿಲೋ. ಮಳೆಯಾಶ್ರಯದಲ್ಲಿ ಒಂದು ಗಿಡಕ್ಕೆ 30 ಗ್ರಾಂ ಒಣಕಾಯಿ ಎಂದು ಕಡಿಮೆಯೇ ಹಿಡಿಯೋಣ. 370 ಗಿಡಗಳು ಸಾಕು. ಎರಡೂ ಕಡೆಗೆ 60 ಸೆಂಟಿಮೀಟರ್ ಅಂತರದಲ್ಲಿ ಒಂದು ಗುಂಟೆಗೆ ಸುಮಾರು 280 ಗಿಡ ಹಿಡಿಯುತ್ತವೆ. ಸಾಯುವ ಗಿಡಗಳನ್ನೂ ಬದುವಿನ ಜಾಗವನ್ನೂ ಲೆಕ್ಕ ಹಿಡಿದರೂ ಎರಡು ಗುಂಟೆ ಸಾಕು. ಬೀಜ ಹತ್ತು ಗ್ರಾಂ ಸಾಕು. ಜೂನ್‌ನಲ್ಲಿ ಸೊಳ್ಳೆಪರದೆಯ ಕೆಳಗೆ ಸಸಿ ಎಬ್ಬಿಸಿ, 40 ದಿನಗಳ ಸಸಿಗಳನ್ನು ನೆಟ್ಟರೆ ಡಿಸೆಂಬರ್‌ನಿಂದ ಕಾಯಿ ಬಿಡಿಸಬಹುದು. ಥ್ರಿಪ್ಸ್‌ಗೆ ಶೇಕಡಾ 5ರ ಬೇವಿನಬೀಜದ ಕಷಾಯ, ಮೈಟ್ ನುಸಿಗೆ ಒಂದು ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕ, ಇವನ್ನು ಎಲೆ ಮುದುಡುವ ಮೊದಲೇ ಸಿಂಪಡಿಸಬೇಕು.

ಇಲ್ಲಿ ಗೋವಿನಜೋಳ ನಮಗೆ ವೈರಿಯಲ್ಲ, ಕಾವಲುಗಾರ. ಮೆಣಸಿನಕಾಯಿ ಮಡಿಯ ಸುತ್ತ ಎರಡು ಸಾಲು ಗೋವಿನಜೋಳ ಹಾಕಿದರೆ ಗಾಳಿಯಲ್ಲಿ ತೇಲಿಬರುವ ಕೀಟಗಳಿಗೆ ಅದು ತಡೆಯಾಗುತ್ತದೆ. ಇನ್ನೊಂದು ಲಾಭವೂ ಇದೆ. ಮೆಣಸಿನಕಾಯಿಯಲ್ಲಿ ಪರಕೀಯ ಪರಾಗಸ್ಪರ್ಶ ಆಗುತ್ತದೆ. ಪ್ರಮಾಣಿತ ಬೀಜಕ್ಕಾಗಿ ಬೆಳೆಯುವಾಗ ಬೇರೆ ತಳಿಯ ಮೆಣಸಿನಕಾಯಿ ಹೊಲದಿಂದ 200 ಮೀಟರ್ ದೂರವಿರಬೇಕೆಂದು ನಿಯಮವಿದೆ. ಹಿಂದೆ ಊರೆಲ್ಲ ಮೆಣಸಿನಕಾಯಿ ಇದ್ದಾಗ ಈ ಅಂತರ ಸಿಗುವುದು ಕಷ್ಟವಿತ್ತು. ಈಗ ಹಿರೇಕೆರೂರಿನಂತಹ ಕಡೆ ಸುತ್ತೆಲ್ಲ ಗೋವಿನಜೋಳ ಇರುವಾಗ, ಅದರ ನಡುವಿನ ಎರಡು ಗುಂಟೆ ಡಬ್ಬಿಗೆ ಈ ಅಂತರ ತಾನಾಗಿಯೇ ದೊರಕುತ್ತದೆ. ಯಾವ ಬೆಳೆ ಡಬ್ಬಿಯನ್ನು ಹೊರಹಾಕಿತೋ ಅದೇ ಬೆಳೆ ಅದರ ಬೀಜವನ್ನು ಶುದ್ಧವಾಗಿ ಕಾಪಾಡಬಲ್ಲದು.

ಬೀಜದ ಮಾತು

ಬೀಜದ ಬಗ್ಗೆ ನನ್ನ ಮನೆಯದೇ ಒಂದು ಸಂಗತಿ ಹೇಳಬೇಕು. ನಮ್ಮ ತಾಯಿ ಪ್ರತಿವರ್ಷ ಎರಡನೆಯ ಮತ್ತು ಮೂರನೆಯ ಬಿಡಿಸುವಿಕೆಯಲ್ಲಿ ಒಳ್ಳೆಯ ಗಿಡಗಳ ಕಾಯಿಗಳನ್ನು ಬೇರೆ ಇಡುತ್ತಿದ್ದರು. ಬೀಜಕ್ಕೆ ಬೂದಿ ಬೆರೆಸಿ ಅರಿವೆಯಲ್ಲಿ ಕಟ್ಟಿ ಒಲೆಯ ಮೇಲಿನ ನೆಲುವಿಗೆ ತೂಗುಹಾಕುತ್ತಿದ್ದರು. ನಾನು ಓದಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಗೆ, "ಈ ಹಳೆಯ ಬೀಜ ಬಿಡವ್ವಾ, ಸಂಕರಣ ಸಸಿ ತಂದುಕೊಡುತ್ತೇನೆ" ಎಂದೆ. ಮಗ ಕಲಿತವನೆಂದು ಅವರು ಒಪ್ಪಿದರು. ಇಳುವರಿ ಹೆಚ್ಚೇ ಬಂದಿತು. ಮೂರು ವರ್ಷ ಹಾಗೆಯೇ ನಡೆಯಿತು. ನಾಲ್ಕನೆಯ ವರ್ಷ ಸಸಿ ಸಿಗದೆ, ಆ ಸಂಕರಣ ಕಾಯಿಯ ಬೀಜವನ್ನೇ ಹಾಕಿದೆವು. ಗಿಡಕ್ಕೊಂದು ಬಗೆ ಕಾಯಿ ಬಂದವು. ಸಂಕರಣದ ಬೀಜ ತನ್ನಂತೆಯೇ ಮರಿ ಹಾಕುವುದಿಲ್ಲವೆಂದು ತರಗತಿಯಲ್ಲಿ ಕಲಿಸುವವನು ನಾನೇ. ಕೊನೆಗೆ ನೆಲುವಿನ ಗಂಟು ಬಿಚ್ಚಿ ಬಿತ್ತಿದರೆ ಒಂದು ಮೊಳಕೆಯೂ ಬರಲಿಲ್ಲ. ಮೆಣಸಿನಕಾಯಿ ಬೀಜ ಮನೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಜೀವ ಹಿಡಿಯುವುದು ಕಷ್ಟ.

ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುಂದಗೋಳ ಕಡೆಯ ಸಂಬಂಧಿಕರಲ್ಲಿ ಒಂದು ಬೊಗಸೆ ಡಬ್ಬಿ ಕಾಯಿ ಬೇಡಿ ತಂದೆ. ಈಗ ನಮ್ಮ ಮನೆಯಲ್ಲಿ ಬೆಳೆಯುವುದು ಅದೇ. ಮೊದಲ ಸಲ ಅದರ ಸಾರು ಮಾಡಿದಾಗ ಅವರು ಒಂದು ತುತ್ತು ಉಂಡು, "ಇದು ನಮ್ಮದಲ್ಲ, ಆದರ ಹತ್ತಿರ ಐತಿ, ಇರಲಿ" ಎಂದರು. ಅಡಿಗೆಯ ಬದಲಿಯನ್ನು ಒಂದು ದಿನದಲ್ಲಿ ತಿದ್ದಿಕೊಳ್ಳಬಹುದು. ಬೀಜ ಹೋದರೆ ಬದಲಿಯೇ ಗತಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಯಾರ ಮನೆಯಲ್ಲಿ ಹಳೆಯ ಡಬ್ಬಿ ಅಥವಾ ಕಡ್ಡಿಯ ಬೀಜ ಇನ್ನೂ ಇದೆಯೋ ಅವರು ಈ ಮುಂಗಾರಿನಲ್ಲಿ ಎರಡು ಗುಂಟೆಯಾದರೂ ಬಿತ್ತಿರಿ. ಒಂದೆರಡೇ ಗಿಡಗಳಿಂದ ಬೀಜ ಹಿಡಿಯದೆ ಕನಿಷ್ಠ 20-30 ಒಳ್ಳೆಯ ಗಿಡಗಳಿಂದ ಹಿಡಿಯಿರಿ. ಹತ್ತಿರದಲ್ಲಿ ಬೇರೆ ತಳಿಯಿದ್ದರೆ ಹೂ ಅರಳುವ ಮೊದಲು ಟೊಂಗೆಗಳಿಗೆ ತೆಳುವಾದ ಅರಿವೆಯ ಚೀಲ ಕಟ್ಟಿರಿ. ಕಾಯಿಯನ್ನು ನೆರಳಿನಲ್ಲಿ ಒಣಗಿಸಿ ಬೀಜ ತೆಗೆದು ಪ್ರತಿವರ್ಷ ಹೊಸದು ಮಾಡಿರಿ. ಇಲ್ಲದವರಿಗೆ ಒಂದು ಚಮಚ ಕೊಡಿರಿ. ಇಂದು ಇಲ್ಲಿ ನಾಲ್ಕು ತಾಲೂಕಿನವರು ಕೂಡಿದ್ದೀರಿ. ಒಬ್ಬರಲ್ಲಿ ಹೋದದ್ದು ಇನ್ನೊಬ್ಬರಲ್ಲಿ ಇದ್ದೀತು. ಊಟಕ್ಕೆ ಏಳುವ ಮೊದಲು ಯಾರಲ್ಲಿ ಬೀಜವಿದೆ, ಯಾರಿಗೆ ಬೇಕು ಎಂಬುದನ್ನು ಈ ವಹಿಯಲ್ಲಿ ಬರೆಸಿರಿ.

ಆ ಅಜ್ಜಿ ಇಂದು ಈ ಸಭೆಗೆ ಬಂದಿಲ್ಲ. ಅವರ ಊರಿನವರು ಇಬ್ಬರು ಬಂದಿದ್ದಾರೆ. ನಮ್ಮ ಮನೆಯ ಡಬ್ಬಿ ಬೀಜದ ಒಂದು ಚೀಟಿಯನ್ನು ಅವರ ಕೈಗೆ ಕೊಡುತ್ತಿದ್ದೇನೆ. ಡಿಸೆಂಬರ್‌ವರೆಗೆ ಕಾಶ್ಮೀರಿ ಕಾಯಿ ಹಾಕಿರಿ, ಆಮೇಲೆ ಇದನ್ನು ಹಾಕಿರಿ ಎಂದು ಅವರಿಗೆ ತಿಳಿಸಿರಿ.